ಪ್ರೇಮಕ್ಕೆ ನಮ್ಮ ಮಾತು ಒಗ್ಗದೇ?

"ಸಿನಿಮಾ ಕೋಟಿಗಟ್ಟಲೆ ದುಡ್ಡಿನ ವ್ಯವಹಾರ, ನಮ್ಮ ಕಡೆಯ ಹುಡುಗರಿಗೆ ಅದರ ಗೊಡವೆ ಏಕೆ?" ಎಂದು ಕೋಟನೂರಿನ ಹಿರಿಯರು ಬುದ್ಧಿ ಹೇಳುವುದುಂಟು. ಸಾಹಿತಿ ಮಿತ್ರರು ಅದಕ್ಕೆ ಇನ್ನೊಂದು ಮಾತು ಕೂಡಿಸುತ್ತಾರೆ: "ಮಾಡುವುದೇ ಆದರೆ ಗಂಭೀರವಾದದ್ದನ್ನು ಮಾಡಲಿ. ಬರ, ಗುಳೆಗಳನ್ನು ಬಿಟ್ಟು ಹುಡುಗ ಹುಡುಗಿಯರ ಪ್ರೇಮದ ಹಾಸ್ಯವೇ?" ಎರಡು ಮಾತುಗಳೂ ತಪ್ಪು, ಎರಡನೆಯದು ಹೆಚ್ಚು ತಪ್ಪು ಎಂಬುದೇ ನನ್ನ ವಾದ.

ಮೊದಲು ದುಡ್ಡಿನ ಮಾತು. 2013ರಲ್ಲಿ ತೆರೆಕಂಡ 'ಲೂಸಿಯಾ' ಚಿತ್ರಕ್ಕೆ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಸುಮಾರು ಅರ್ಧ ಕೋಟಿ ರೂಪಾಯಿ ಕೂಡಿಸಿದರು. 2023ರ 'ಡೇರ್‌ಡೆವಿಲ್ ಮುಸ್ತಾಫಾ' ಕಾಲೇಜು ಹುಡುಗರ ಹಾಸ್ಯ. ಅದಕ್ಕೆ ತೇಜಸ್ವಿಯವರ ಓದುಗರೇ ಬಂಡವಾಳ ಹಾಕಿದರು. ಇವೆರಡರ ನಡುವೆ, 2017ರಲ್ಲಿ, ರಾಜ್ ಬಿ. ಶೆಟ್ಟಿಯವರ ಮೊದಲ ಚಿತ್ರ 'ಒಂದು ಮೊಟ್ಟೆಯ ಕಥೆ' ಬಂದಿತು. ಅದರ ನಾಯಕ ನನ್ನ ವೃತ್ತಿಬಾಂಧವ: ತಲೆ ಬೋಳಾದ, ಇಪ್ಪತ್ತೆಂಟರ ಕನ್ನಡ ಉಪನ್ಯಾಸಕ, ಕನ್ಯೆ ಸಿಗದೆ ಒದ್ದಾಡುವವನು. ಹೊಡೆದಾಟವಿಲ್ಲ, ಹೊರದೇಶದ ಹಾಡಿಲ್ಲ. ಇರುವುದು ಮಂಗಳೂರಿನ ಮನೆ, ಬೀದಿ, ಮಾತು. ಆ ಮಾತೇ ಚಿತ್ರವನ್ನು ಗೆಲ್ಲಿಸಿತು.

ಇದರ ಕಾರಣ ಸರಳವಾದುದು. ಯುದ್ಧದ ಚಿತ್ರದಲ್ಲಿ ಮಾತಿನ ಬಡತನವನ್ನು ದುಡ್ಡು ಮುಚ್ಚಬಲ್ಲುದು. ಪ್ರೇಮದ ಹಾಸ್ಯದಲ್ಲಿ ಮುಚ್ಚಲಾರದು. ಇಬ್ಬರು ಚಹಾದಂಗಡಿಯ ಮುಂದೆ ನಿಂತು ಹೇಳಬೇಕಾದುದನ್ನು ಹೇಳಲಾರದೆ ಮತ್ತೇನನ್ನೋ ಹೇಳುತ್ತಾರೆ. ನಗು ಹುಟ್ಟುವುದು ಅಲ್ಲಿ. ಬಡವನೂ ಬಲ್ಲಿದನೂ ಸರಿಸಮನಾಗಿ ನಿಲ್ಲಬಹುದಾದ ಅಖಾಡವೆಂದರೆ ಇದೇ. ಇಲ್ಲಿ ನಾಲಗೆಯೇ ಬಂಡವಾಳ.

ಆ ಬಂಡವಾಳವನ್ನು ನಮ್ಮವರು ಏನು ಮಾಡುತ್ತಿದ್ದಾರೆ? ನನ್ನ ವಿದ್ಯಾರ್ಥಿಗಳು ಆಗಾಗ ಕಿರುಚಿತ್ರಕ್ಕೆಂದು ಸಂಭಾಷಣೆ ಬರೆದು ತರುತ್ತಾರೆ. ಕಟ್ಟೆಯ ಮೇಲೆ ಕೂತು "ಏನ್ ಮಾಡ್ಲತ್ತಿಯೋ?" ಎಂದು ಗೆಳೆಯನನ್ನು ಕೇಳುವ ಹುಡುಗ, ಕಾಗದದ ಮೇಲೆ ತನ್ನ ನಾಯಕನ ಬಾಯಲ್ಲಿ "ಏನ್ ಮಾಡ್ತಿದೀಯಾ ಮಚ್ಚಾ?" ಎನ್ನಿಸುತ್ತಾನೆ. ಕಲಬುರಗಿಯ ಮಾತು ಮೀಸಲಾಗುವುದು ನಾಯಕನ ದಡ್ಡ ಗೆಳೆಯನಿಗೆ, ಇಲ್ಲವೇ ಗೇಟು ಕಾಯುವವನಿಗೆ. ತಾನಾಡುವ ಮಾತಿನಲ್ಲಿ ಪ್ರೀತಿಸಲು ಬರುವುದಿಲ್ಲವೆಂದು ಇಪ್ಪತ್ತರ ಹುಡುಗ ನಂಬಿಬಿಟ್ಟಿದ್ದಾನೆ! ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಜಿಲ್ಲೆಯಲ್ಲಿದೆ. ಕನ್ನಡಗಳು ಹಲವೆಂದು ಸಾವಿರ ವರ್ಷಕ್ಕೂ ಹಿಂದೆಯೇ ಅರಿತ ಗ್ರಂಥವದು. ಅದನ್ನು ಪಾಠ ಹೇಳುವ ನನ್ನಂಥವರಿಗೆ ಈ ನಂಬಿಕೆ ಸಹಿಸತಕ್ಕದ್ದಲ್ಲ.

"ನಮ್ಮ ಮಾತು ಹೊರಗಿನವರಿಗೆ ತಿಳಿಯುವುದಿಲ್ಲ" ಎಂಬ ಆಕ್ಷೇಪ ಬರುತ್ತದೆ. ಮಂಡ್ಯ ಸೀಮೆಯ ಹಳ್ಳಿಗರೇ ತಮ್ಮ ಮಾತಿನಲ್ಲಿ ನಟಿಸಿದ 'ತಿಥಿ' 2015ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೋ ಉತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಮಂಗಳೂರಿನ ಆ ಬೋಳುತಲೆಯ ಕಥೆ 2019ರಲ್ಲಿ ಹಿಂದಿಗೂ ಮಲಯಾಳಕ್ಕೂ ಹೋಯಿತು. ಸ್ವಿಟ್ಜರ್‌ಲ್ಯಾಂಡಿಗೆ ತಿಳಿದುದು ಬೆಂಗಳೂರಿಗೆ ತಿಳಿಯದೇ?

ಇನ್ನು ಗಾಂಭೀರ್ಯದ ಮಾತು. ಬರದ ಚಿತ್ರಗಳು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಕಲ್ಯಾಣ ಕರ್ನಾಟಕದವರು ತೆರೆಯ ಮೇಲೆ ಬಂದಾಗಲೆಲ್ಲ ಬಾಯಾರಿಕೊಂಡೇ ಬರಬೇಕೇ? ಮರುಕಕ್ಕೆ ಪಾತ್ರನಾದವನು ನೋಡುವವನಿಗೆ ಸಮನಾಗುವುದಿಲ್ಲ. ಪ್ರೀತಿಸಿ ಪೇಚಿಗೆ ಸಿಕ್ಕವನು ಆಗುತ್ತಾನೆ. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ಹುಡುಗಿ, ಐದು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಲೇ ಇರುವ ಹುಡುಗ, "ನೌಕರಿ ಆಗ್ಲಿ, ಆಮ್ಯಾಲ ನೋಡೋಣಂತ" ಎಂದು ಮದುವೆಯ ಮಾತನ್ನು ಮುಂದಕ್ಕೆ ತಳ್ಳುವ ತಂದೆ: ಈ ಊರಿನಲ್ಲಿ ಹರೆಯದವರು ದೊಡ್ಡವರಾಗುವ ಬಗೆ ಇದು. ಇದರಲ್ಲಿ ನಗುವೂ ಇದೆ, ನೋವೂ ಇದೆ. ಇದಕ್ಕಿಂತ ಗಂಭೀರವಾದ ವಸ್ತು ಬೇರೆ ಯಾವುದು?

ನಟರಿಲ್ಲವೆನ್ನಬೇಡಿ. ಕಲಬುರಗಿಯಲ್ಲೇ ರಂಗಾಯಣವಿದೆ; ನಮ್ಮ ಜಾತ್ರೆಗಳಲ್ಲಿ ನಾಟಕ ಕಂಪನಿಗಳು ನಗಿಸುತ್ತ ಬಂದಿವೆ. ಮದುವೆಯ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನೂರು ಮನೆಯವರು ಕೈಗೂಡಿಸಿದರೆ ಒಂದು ಚಿಕ್ಕ ಚಿತ್ರವಾಗುತ್ತದೆ. ಹುಡುಗರಿಗೆ ನಾನು ಹಾಕುವ ಕರಾರು ಒಂದೇ: ನಾಯಕಿ ನಾಯಕನನ್ನು ಬೈಯುವುದಾದರೆ, ಒಲಿಯುವುದಾದರೆ, ನಮ್ಮ ಮಾತಿನಲ್ಲೇ ಬೈಯಲಿ, ನಮ್ಮ ಮಾತಿನಲ್ಲೇ ಒಲಿಯಲಿ.