ಮೂರು ಸೆಕೆಂಡು ಮೂರೇ ಅಲ್ಲದೋ?

ಮೊನ್ನೆ ತಮ್ಮನ ಮಗಳು ಬಂದಿಪ್ಪಗ ಮೋರೆ ಸಣ್ಣ ಮಾಡಿಗೊಂಡಿತ್ತು. ಅದು ಆಟದ ಟೀಚರು ಹೇಳಿ ನಿಂಗೊಗೆ ಗೊಂತಿದ್ದನ್ನೆ. ಬೆಳ್ತಂಗಡಿ ಹೊಡೆಲಿ ಒಂದಿಕ್ಕೆ ಕೂಸುಗಳ ತ್ರೋಬಾಲಿಂಗೆ ಅಂಪೈರು ಆಗಿ ಹೋಗಿತ್ತಡ. ಚೆಂಡು ಹಿಡುದ ಮೇಲೆ ಮೂರು ಸೆಕೆಂಡಿನ ಒಳ ಇಡ್ಕೆಕ್ಕು ಹೇಳಿ ರೂಲ್ಸು. ಒಂದು ತಂಡದ ಕೂಸು ಪ್ರತಿ ಸರ್ತಿಯೂ ಚೆಂಡು ಹಿಡ್ಕೊಂಡು, ಎಲ್ಲಿಗೆ ಇಡ್ಕುದು ಹೇಳಿ ನೋಡಿಗೊಂಡೇ ನಿಂಬದಡ. ಇದು ವಿಸಿಲು ಊದಿತ್ತು, ಪಾಯಿಂಟು ಆಚ ತಂಡಕ್ಕೆ. ನಾಕೈದು ಸರ್ತಿ ಅಪ್ಪಗ ನಡೆಶುವವು ಹತ್ತರೆ ಬಂದವಡ: "ಟೀಚರೇ, ಅಷ್ಟೆಲ್ಲ ರೂಲ್ಸ್ ಬೇಡ. ಮಕ್ಕಳು ಆಡ್ಲಿ. ಅತಿಥಿಗಳಿಗೆ ಹೋಗ್ಲಿಕ್ಕುಂಟು."

ಇದು ಕೇಳಿದ್ದಿಲ್ಲೆ. "ಬಪ್ಪ ವರ್ಷ ಎನ್ನ ದಿನಿಗೇಳವು ಅತ್ತೆ" ಹೇಳಿತ್ತು.

ನಡೆಶುವವರದ್ದು ಪೂರಾ ತಪ್ಪು ಹೇಳಿ ಆನು ಹೇಳೆ. ಕಸ್ತಲಪ್ಪ ಮದಲು ಎಲ್ಲ ತಂಡವೂ ಆಡಿ ಮುಗಿಯೆಕ್ಕು, ದೂರದ ಮಕ್ಕೊಗೆ ಬಸ್ಸು ಸಿಕ್ಕೆಕ್ಕು. ಕಬಡ್ಡಿಲಿಯೂ ಗೆಂಡುಮಕ್ಕಳ ಆಟ ಪುಸ್ತಕಲ್ಲಿ 20 ನಿಮಿಷದ ಎರಡು ಪಾಲು. ಊರ ಪಂದ್ಯಲ್ಲಿ ತಂಡ ಜಾಸ್ತಿ ಇಪ್ಪಗ ಅಷ್ಟು ಎಲ್ಲಿ ಎಡಿತ್ತು? ಕಡಮ್ಮೆ ಮಾಡ್ತವು. ಸುರುವಿಂಗೇ ಮೈಕಿಲಿ ಹೇಳಿರೆ, ಎರಡೂ ತಂಡಕ್ಕೆ ಒಂದೇ ಲೆಕ್ಕ ಆದರೆ, ಆರೂ ಪರೆಂಚವು. ಆದರೆ ರೈಡಿನ 30 ಸೆಕೆಂಡಿನ ಒಬ್ಬಂಗೆ ಮಾತ್ರ 40 ಮಾಡ್ಲೆ ಎಡಿಗೋ?

ಜೆಂಬರದ ಮನೆಯವು ಎಷ್ಟು ಬಗೆ ಆಯೆಕ್ಕು, ಎಷ್ಟು ಗಂಟೆಗೆ ಹಂತಿ ಕೂರೆಕ್ಕು ಹೇಳಿ ಹೇಳ್ಲಕ್ಕು. ಅಶನ ಬೆಂದಿದೋ ಇಲ್ಲೆಯೋ ಹೇಳುದು ಅಡಿಗೆಯವರೇ. ಹೊತ್ತಾತು ಹೇಳಿ ಅರೆ ಬೆಂದದರ ಬಳುಸುಲೆ ಎಡಿಗೋ ಅಕ್ಕಂದ್ರೇ?

ಕೂಸಿಂಗೂ ಒಂದು ಮಾತು ಹೇಳಿದೆ. ಬಾಸ್ಕೆಟ್‌ಬಾಲಿಲಿಯೂ ಎದುರು ತಂಡದ ಬುಟ್ಟಿಯ ಬುಡಲ್ಲಿ ಮೂರು ಸೆಕೆಂಡಿಂದ ಹೆಚ್ಚು ನಿಂಬಲಾಗಡ. ಅಲ್ಲಿ ಅನುಭವ ಇಪ್ಪ ರೆಫ್ರಿಗೊ ಮದಲು ಬಾಯಿಲಿ ಎಚ್ಚರ್ಸುತ್ತವು, ಮತ್ತೂ ನಿಂದರೆ ಊದುತ್ತವು ಹೇಳಿ ಎನ್ನ ಮಾಣಿ ಹೇಳಿದ°. ನೀನೂ ಸುರುವಾಣ ಸರ್ತಿ ಎರಡೂ ತಂಡಕ್ಕೆ ಬಾಯಿಲಿ ಹೇಳ್ಲಾವುತ್ತಿತ್ತು ಹೇಳಿದೆ. "ಅಪ್ಪು" ಹೇಳಿ ಒಪ್ಪಿತ್ತು.

ಎನಗೆ ಬೇಜಾರಪ್ಪದು ಆಚ ತಂಡದ ಕೂಸುಗಳ ಗ್ರೇಶಿ. ದಿನಾಗುಳೂ ಅಭ್ಯಾಸ ಮಾಡಿ ಮೂರು ಸೆಕೆಂಡಿಲಿ ಇಡ್ಕುಲೆ ಕಲ್ತವಕ್ಕೆ ಎಂತ ಹೇಳುದು? ಕಾರ್ಕಳ ಹೊಡೆಯ ಮಮತಾ ಪೂಜಾರಿ 2010 ಮತ್ತೆ 2014ರ ಏಷ್ಯನ್ ಗೇಮ್ಸಿಲಿ ಕಬಡ್ಡಿ ಚಿನ್ನ ಗೆದ್ದ ತಂಡಲ್ಲಿ ಇತ್ತಿದ್ದವು. ಅಷ್ಟು ದೂರ ಹೋದರೆ, ಅತಿಥಿಗೊಕ್ಕೆ ಹೊತ್ತಾತು ಹೇಳಿ ಆರೂ ಬಿಡವು.

ಬಪ್ಪ ವರ್ಷ ದಿನಿಗೇಳಿರೆ, ಹೋಪ ಮದಲೇ ಹೇಳು ಹೇಳಿದ್ದೆ: ಪಾಯಿಂಟು ಎಷ್ಟು ಬೇಕಾರೂ ಕಡಮ್ಮೆ ಮಾಡಿಗೊಳ್ಳಿ, ಮೂರು ಸೆಕೆಂಡು ಮೂರೇ. ದಿನಿಗೇಳದ್ರೆ ಇಲ್ಲಿಗೆ ಬರಳಿ, ಅಡಕ್ಕೆ ಸೊಲಿವಲೆ ಜೆನ ಇಲ್ಲೆ.