ಮನೆಯ ಯಂತ್ರಗಳು: ಹಳೆಯ ಯೆಜ್ಡಿಯ ಉಸಿರು

ಅಕ್ಕಲಕೋಟೆ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರವೊಂದು ನನ್ನ ಮೇಜಿನ ಮೇಲಿದೆ. ಅವರ ತೀರಿಹೋದ ತಂದೆಯವರು ಕನ್ನಡ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದವರು. ಇಪ್ಪತ್ತು ವರ್ಷಕಾಲ ಯೆಜ್ಡಿ ಮೋಟಾರ್ ಸೈಕಲ್ಲಿನ ಮೇಲೆಯೇ ಶಾಲೆಗೆ ಹೋಗಿಬಂದರು. ಈಗ ಅದನ್ನು ಮಗ ನಡೆಸುತ್ತಾರೆ. ಒಂದು ಮಧ್ಯಾಹ್ನ ತಾಯಿಯವರನ್ನು ಹಿಂದೆ ಕೂಡಿಸಿಕೊಂಡು ಸೊಲ್ಲಾಪುರದ ಕಡೆಗೆ ಹೊರಟಿದ್ದಾಗ ಎಂಜಿನ್ನು ಇದ್ದಕ್ಕಿದ್ದಂತೆ ಹಿಡಿದು, ಹಿಂದಿನ ಗಾಲಿ ಸ್ತಬ್ಧವಾಗಿ, ಇಬ್ಬರೂ ರಸ್ತೆಯ ಬದಿಗೆ ಜಾರಿದರು. ದೈವಕೃಪೆಯಿಂದ ದೊಡ್ಡ ಪೆಟ್ಟಾಗಲಿಲ್ಲ. ಗ್ಯಾರೇಜಿನಲ್ಲಿ ಬೋರ್ ಮಾಡಿ ಹೊಸ ಪಿಸ್ಟನ್ ಹಾಕಿದರು. ಎರಡು ತಿಂಗಳಲ್ಲಿ ಅದೂ ಹಿಡಿಯಿತು. ಇನ್ನು ಗುಜರಿಗೆ ಹಾಕುವುದೇ ಲೇಸೆಂದು ಸಲಹೆ ಬಂದಿದೆಯಂತೆ. ಹಾಕಬೇಕೆ ಎಂಬುದು ಅವರ ಪ್ರಶ್ನೆ.

ಹಾಕಬೇಕಾಗಿಲ್ಲ. ನಾನೇ ಹೋಗಿ ಸೀಟಿನ ಕೆಳಗೆ ಕೈಹಾಕಿ ನೋಡಿಬಂದೆನು. ಗಾಳಿಶೋಧಕದಿಂದ, ಅಂದರೆ ಗ್ಯಾರೇಜಿನವರ ಏರ್ ಫಿಲ್ಟರಿನಿಂದ, ಕಾರ್ಬುರೇಟರಿಗೆ ಬರುವ ರಬ್ಬರ್ ಕೊಳವೆ ಒಣಗಿ ಸೀಳಿತ್ತು. ಕಾರ್ಬುರೇಟರು ಎಂಜಿನ್ನಿಗೆ ಕೂಡುವಲ್ಲಿ ಪ್ಯಾಕಿಂಗಿನ ಒಂದು ಮಗ್ಗುಲು ಹಾರಿಹೋಗಿತ್ತು. ಎರಡು ಸಲ ಪಿಸ್ಟನ್ನಿಗೆ ಹಣ ತೆತ್ತರೂ ಈ ಎರಡು ಅಗ್ಗದ ವಸ್ತುಗಳ ಕಡೆಗೆ ಯಾರೂ ದೃಷ್ಟಿ ಹಾಯಿಸಿರಲಿಲ್ಲ.

ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ನಮ್ಮ ಎರೆಭೂಮಿಯ ರಸ್ತೆಗಳಲ್ಲಿ, ರಾಶಿಯ ಕಾಲದಲ್ಲಿ, ಆ ಗಾಳಿಯೊಡನೆ ಎಷ್ಟು ಧೂಳು ಬರುವುದೆಂಬುದನ್ನು ಹೇಳಬೇಕಾಗಿಲ್ಲ. ಕೊಳವೆಯಲ್ಲಿ ಸೀಳಿದ್ದರೆ ಶೋಧಕ ಇದ್ದೂ ಇಲ್ಲದಂತೆಯೇ. ಮರಳಿನ ಕಣವು ಎಣ್ಣೆಯೊಡನೆ ಕಲೆತು ಸಾಣೆಯ ಹಾಗೆ ಸಿಲಿಂಡರನ್ನು ಸವೆಸುತ್ತದೆ. ಆದರೆ ಹೆಚ್ಚು ಅಪಾಯದ್ದು ಕಾರ್ಬುರೇಟರಿನ ಮುಂದಿನ ಸೋರಿಕೆ. ಅಲ್ಲಿ ಒಳನುಗ್ಗುವ ಗಾಳಿ ಅಳತೆಗೆ ಸಿಕ್ಕದ ಗಾಳಿ. ಅದಕ್ಕೆ ತಕ್ಕ ಪೆಟ್ರೋಲು ಬರುವುದಿಲ್ಲ. ಈ ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆಯೂ ಪೆಟ್ರೋಲಿನಲ್ಲಿ ಬೆರೆತೇ ಬರುವುದರಿಂದ, ಪೆಟ್ರೋಲು ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು. ಬಿಸಿ ಏರುತ್ತದೆ, ಜಾರಿಕೆ ತಪ್ಪುತ್ತದೆ, ಪಿಸ್ಟನ್ ಹಿಡಿಯುತ್ತದೆ.

ಇದರ ಸೂಚನೆಯನ್ನು ಗಾಡಿ ಮೊದಲೇ ಕೊಟ್ಟಿರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಇಳಿಯದಿರುವುದು, ಪ್ಲಗ್ಗಿನ ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗುವುದು ಇವೇ ಮುಖ್ಯ. ಪ್ಲಗ್ ಮಸಿಯಂತೆ ಕಪ್ಪಾಗಿ, ಹೊಗೆ ಹೆಚ್ಚಿ, ಮೈಲೇಜು ಬಿದ್ದರೆ ದೋಷ ತದ್ವಿರುದ್ಧ: ಶೋಧಕ ಕಟ್ಟಿಕೊಂಡಿರಬಹುದು. ಎಂಜಿನ್ನು ನಿಧಾನವಾಗಿ ನಡೆಯುತ್ತಿರುವಾಗ ಕಾರ್ಬುರೇಟರಿನ ಸಂದಿಗೆ ಸ್ವಲ್ಪ ಸಾಬೂನು ನೀರು ಸಿಂಪಡಿಸಿರಿ. ಸದ್ದು ಬದಲಾದರೆ ಸೋರಿಕೆ ಅಲ್ಲಿಯೇ. ಕೆಲವರು ಪೆಟ್ರೋಲನ್ನೇ ಚಿಮುಕಿಸಿ ಪರೀಕ್ಷಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಯ ಆಟ, ಕೂಡದು. ಸಂದಿಗಳೆಲ್ಲ ಭದ್ರವಾಗಿದ್ದೂ ಲಕ್ಷಣ ಹೋಗದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲನ್ನು ಸಂಶಯಿಸಬೇಕು. ಅದು ಗ್ಯಾರೇಜಿನ ಕೆಲಸ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿದ ಈ ವಂಶದ ಗಾಡಿಗಳು 1996ರಲ್ಲಿ ನಿಂತುಹೋದವು. 2022ರಲ್ಲಿ ಅದೇ ಹೆಸರಿನಿಂದ ಬಂದವು ಫೋರ್-ಸ್ಟ್ರೋಕ್ ಗಾಡಿಗಳು. ಅವುಗಳ ಕೊಳವೆ ಇದಕ್ಕೆ ಕೂಡದು. ಅಂಗಡಿಗೆ ಹೋಗುವಾಗ ಹಳೆಯ ರಬ್ಬರನ್ನು ಜೊತೆಯಲ್ಲಿ ಒಯ್ಯುವುದು ಲೇಸು. ಕೊಳ್ಳುವ ಮೊದಲು ಬಗ್ಗಿಸಿ ನೋಡಿರಿ. ವರ್ಷಾನುಗಟ್ಟಲೆ ಕಪಾಟಿನಲ್ಲಿದ್ದ ‘ಹೊಸ’ ರಬ್ಬರಿನಲ್ಲಿಯೂ ಬಿರುಕು ಬಿಟ್ಟಿರುವುದುಂಟು. ಕೂಡಿಸುವಾಗ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಸುಲಭವಾಗಿ ಏರುತ್ತದೆ. ಒಳಗಿನ ನೀರನ್ನು ಒರೆಸಿಬಿಡಬೇಕು. ಕ್ಲಿಪ್ಪನ್ನು ರಬ್ಬರು ಕತ್ತರಿಸುವಷ್ಟು ಬಿಗಿಯಬಾರದು. ಪ್ಯಾಕಿಂಗು ಪ್ರತಿಸಲವೂ ಹೊಸದಿರಲಿ. ಕಾರ್ಬುರೇಟರಿನ ಮುಖ ಡೊಂಕಾಗಿದ್ದರೆ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ಉಜ್ಜಿ ಸಮಮಾಡಬೇಕು. ನಟ್ಟನ್ನು ಇನ್ನಷ್ಟು ಬಿಗಿದರೆ ಡೊಂಕು ಹೆಚ್ಚುವುದೇ ಹೊರತು ತೀರದು.

ಶೋಧಕ ಕಾಗದದ್ದಾದರೆ ಮೆಲ್ಲನೆ ತಟ್ಟಿ, ಒಳಗಿನಿಂದ ಹೊರಕ್ಕೆ ಹಗುರಾಗಿ ಗಾಳಿ ಬಿಡಿರಿ, ತೊಳೆಯಬೇಡಿರಿ. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು, ಹಿಂಡದೆ ಬರಿದೇ ಒತ್ತಿ, ನೆರಳಿನಲ್ಲಿ ಆರಿಸಿ, ಸ್ವಲ್ಪ ಎಂಜಿನ್ ಆಯಿಲ್ ಹಚ್ಚಿ ಹೆಚ್ಚಿನದನ್ನು ಒತ್ತಿ ತೆಗೆಯಬೇಕು. ಶೋಧಕವನ್ನೇ ಕಿತ್ತೆಸೆದರೆ ಗಾಡಿ ಜೋರಾಗುತ್ತದೆಂದು ತರುಣರು ವಾದಿಸುವುದುಂಟು. ಜೋರಾಗುವುದು ಸದ್ದು ಮಾತ್ರ.

ಇನ್ನೊಂದು ಮಾತು. 2023ರಿಂದೀಚೆಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿ ಮಾರುವುದು ಹಬ್ಬಿದೆ. ನಮ್ಮ ಸೊಲ್ಲಾಪುರ ಸೀಮೆಯ ಕಬ್ಬೇ ಹೀಗೆ ಗಾಡಿಯ ಟಾಕಿಗೆ ಬಂದಿದೆ ಎಂದು ಹಿಗ್ಗಬಹುದು; ಆದರೆ ಹಳೆಯ ಕಾಲದ ರಬ್ಬರಿಗೂ ಪ್ಯಾಕಿಂಗಿಗೂ ಅದು ಒಗ್ಗುವುದಿಲ್ಲ, ಉರಿಯೂ ತುಸು ಬಡವಾಗುತ್ತದೆ. ಇಂಧನ ಮುಟ್ಟುವ ಭಾಗಗಳನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡುವುದು ಒಳಿತು.

ಮಾಸ್ತರರ ಗಾಡಿಗೆ ಕೊಳವೆ, ಪ್ಯಾಕಿಂಗು, ಮತ್ತೊಮ್ಮೆ ಬೋರು ಎಲ್ಲವೂ ಆಗಿವೆ. ಕೆಲವು ದಿನ ನಿಧಾನವಾಗಿ ಓಡಿಸಿ ಪ್ಲಗ್ ಬಿಚ್ಚಿದಾಗ ಚಹದ ಕಂದು ಬಣ್ಣ ಬಂದಿತ್ತೆಂದು ಮಗ ಬರೆದಿದ್ದಾರೆ. ತಾಯಿಯವರು ಮಾತ್ರ ಇನ್ನೂ ಹಿಂದೆ ಕೂಡಲು ಒಪ್ಪಿಲ್ಲವಂತೆ.