ಸಾಕ್ಷಿಯ ಬಾಯಿಗೆ ಬೀಗ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಗಾದೆ. ವಾದಿ ಪ್ರತಿವಾದಿಗಳಿಬ್ಬರ ಪಾಡನ್ನೂ ಇಷ್ಟು ಅಡಕವಾಗಿ ಹೇಳಿದ ಗಾದೆಯು, ಇವರ ನಡುವೆ ನಿಂತು ಸಾಕ್ಷಿ ನುಡಿದ ಮೂರನೆಯವನ ಗತಿ ಏನಾಯಿತೆಂಬುದನ್ನು ಮಾತ್ರ ಹೇಳದೆ ಬಿಟ್ಟಿದೆ. ಆ ಮೂರನೆಯವನಿಗೆ ಗೆಲ್ಲಬೇಕಾದ ಆಸ್ತಿಯಿಲ್ಲ, ತೀರಿಸಿಕೊಳ್ಳಬೇಕಾದ ಹಗೆಯಿಲ್ಲ. ಕಂಡದ್ದನ್ನು ಕಂಡಂತೆ ಹೇಳಿ ಮನೆಗೆ ಹಿಂದಿರುಗುವುದಷ್ಟೇ ಅವನ ಕೆಲಸ. ಆದರೆ ಈ ನಾಡಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಬೇರೊಂದಿರಲಾರದು.

ಸಾಕ್ಷಿಗಳನ್ನು ಹೆದರಿಸುವವರಿಗೂ ಕೊಳ್ಳುವವರಿಗೂ ಈಗಿರುವುದಕ್ಕಿಂತ ಉಗ್ರವಾದ ಶಿಕ್ಷೆ ವಿಧಿಸಬೇಕೆಂಬ ಕೂಗು ಆಗಾಗ ಕೇಳಿಬರುತ್ತದೆ. ಕೂಗು ನ್ಯಾಯವಾದುದೇ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ನುಡಿಯನ್ನು ಅಕ್ಷರಶಃ ತೆಗೆದುಕೊಂಡು, ಸಾಕ್ಷಿಯ ಮೌನಕ್ಕೆ ಬಂಗಾರದ ಬೆಲೆಯನ್ನೇ ಕಟ್ಟುವ ಜನರಿರುವಾಗ ಕಾನೂನು ಕೈಕಟ್ಟಿ ಕೂಡಲಾಗದು. ಆದರೆ ಶಿಕ್ಷೆಯ ವರ್ಷಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಸಾಕ್ಷಿಯ ನಾಲಗೆಗೆ ಬಲ ಬರುವುದೇ ಎಂಬ ಪ್ರಶ್ನೆಯನ್ನು ತುಸು ನಿಧಾನವಾಗಿ ವಿಚಾರಿಸುವುದು ಒಳ್ಳೆಯದು.

ಈ ಚಿಂತೆ ಇಂದಿನದಲ್ಲ. ಹನ್ನೊಂದನೆಯ ಶತಮಾನದ ಕಡೆಗೂ ಹನ್ನೆರಡನೆಯದರ ಮೊದಲಿಗೂ ಸೇರಿದ ಕಾಲದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ಪಾಲಿನ ವಿಷಯದಲ್ಲಿ ಅದರ ಹೆಸರನ್ನು ವಕೀಲರೆಲ್ಲ ಬಲ್ಲರು. ಸಾಕ್ಷಿಗಳ ವಿಷಯದಲ್ಲಿ ಅದೇನು ಹೇಳುತ್ತದೆಂಬುದನ್ನು ಬಲ್ಲವರು ಕಡಿಮೆ. ಅಲ್ಲಿ ‘ಕೂಟಕೃತ್’ ಎಂಬೊಬ್ಬ ಅಪರಾಧಿಯಿದ್ದಾನೆ. ಧನವನ್ನು ಕೊಟ್ಟೋ ಬೇರೆ ವಿಧದಿಂದಲೋ ಸಾಕ್ಷಿಗಳನ್ನು ಸುಳ್ಳಿಗೆ ಒಡ್ಡುವವನೇ ಅವನು. ಅವನನ್ನೂ ಸುಳ್ಳು ನುಡಿದ ಸಾಕ್ಷಿಗಳನ್ನೂ ಬೇರೆ ಬೇರೆಯಾಗಿ, ವ್ಯಾಜ್ಯಕ್ಕೆ ಹೇಳಿದ ದಂಡದ ಎರಡರಷ್ಟು ತೆರಿಸಬೇಕೆಂದು ಸ್ಮೃತಿಯ ವಿಧಿ. ಸಾಕ್ಷಿ ಹೇಳಲು ಒಪ್ಪಿಕೊಂಡು ಸಮಯಕ್ಕೆ ಸರಿಯಾಗಿ ಮಾತನ್ನು ಮರೆಮಾಚುವವನಿಗಾದರೋ ದಂಡ ಎಂಟರಷ್ಟು! ಇಂದಿನ ವೃತ್ತಪತ್ರಿಕೆಗಳು ‘ಪ್ರತಿಕೂಲ ಸಾಕ್ಷಿ’ ಎಂದು ಕರೆಯುವವನನ್ನು ಅಂದಿನವರೂ ಚೆನ್ನಾಗಿ ಕಂಡಿದ್ದರೆಂಬುದಕ್ಕೆ ಬೇರೆ ಪುರಾವೆ ಬೇಡ. ಆ ದಂಡನೀತಿಯಲ್ಲಿ ಜಾತಿಗೊಂದು ತೂಕವಿತ್ತೆಂಬುದು ಅದರ ದೊಡ್ಡ ಕುಂದು. ಆದರೂ ಸುಳ್ಳು ಹೇಳಿದವನಷ್ಟೇ ಹೇಳಿಸಿದವನೂ ಹೊಣೆಗಾರನೆಂಬ ವಿವೇಕ ಅದರಲ್ಲಿತ್ತು.

೧೮೬೦ರ ಭಾರತ ದಂಡಸಂಹಿತೆಯು ಸುಳ್ಳು ಸಾಕ್ಷ್ಯ ನುಡಿಯುವುದಕ್ಕೆ ಏಳು ವರ್ಷಗಳವರೆಗೆ ಶಿಕ್ಷೆಯನ್ನು ಇಟ್ಟಿತು. ಸುಳ್ಳು ಸಾಕ್ಷ್ಯ ನುಡಿಯುವಂತೆ ಬೆದರಿಸುವುದನ್ನು ಪ್ರತ್ಯೇಕ ಅಪರಾಧವೆಂದು ಕಾಣಲು ಮಾತ್ರ ಒಂದೂವರೆ ಶತಮಾನವೇ ಬೇಕಾಯಿತು. ೨೦೦೬ರಲ್ಲಿ ೧೯೫–ಎ ಎಂಬ ಹೊಸ ಕಲಮು ಜಾರಿಗೆ ಬಂದು, ಅಂತಹ ಬೆದರಿಕೆಗೂ ಏಳು ವರ್ಷಗಳವರೆಗೆ ಸೆರೆವಾಸ ಗೊತ್ತಾಯಿತು. ಆ ಸುಳ್ಳಿನ ಫಲವಾಗಿ ನಿರಪರಾಧಿಯೊಬ್ಬನಿಗೆ ಮರಣದಂಡನೆಯೋ ಏಳು ವರ್ಷಗಳಿಗೆ ಮೀರಿದ ಸೆರೆಯೋ ಆದ ಪಕ್ಷದಲ್ಲಿ, ಬೆದರಿಸಿದವನಿಗೂ ಅದೇ ಶಿಕ್ಷೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಇದನ್ನೇ ೨೩೨ನೆಯ ಕಲಮಾಗಿ ಉಳಿಸಿಕೊಂಡಿದೆ. ಕಾನೂನಿನ ಪುಸ್ತಕದಲ್ಲಿ ಕತ್ತಿ ಇಲ್ಲವೆನ್ನುವಂತಿಲ್ಲ. ಒರೆಯಿಂದ ಅದು ಹೊರಬರುವುದು ಎಷ್ಟು ಸಲ ಎಂಬುದೇ ಪ್ರಶ್ನೆ.

ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಯಂತಹ ಊರನ್ನು ಮನಸ್ಸಿಗೆ ತಂದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಿಂದ ನಾಡಿಗೆಲ್ಲ ಪರಿಚಿತವಾದ ಊರು ಅದು. ಹೊಯ್ಸಳರ ಕಾಲದವರು ದತ್ತಿ ಬಿಟ್ಟು ಶಾಸನ ಬರೆಸುವಾಗ ಅದು ಸೂರ್ಯಚಂದ್ರರಿರುವವರೆಗೂ ನಡೆಯಲೆಂದು ಹಾರೈಸುತ್ತಿದ್ದರು; ನಮ್ಮ ಶಾಸನಗಳಲ್ಲಿ ಅವರನ್ನೇ ಸಾಕ್ಷಿಗೆ ಕರೆಯುವ ವಾಡಿಕೆಯೂ ಉಂಟು. ಆ ಸಾಕ್ಷಿಗಳಿಗೆ ಹೊಲವಿಲ್ಲ, ಸಾಲವಿಲ್ಲ, ಮದುವೆಗೆ ಬೆಳೆದ ಮಗಳಿಲ್ಲ. ಮನುಷ್ಯಸಾಕ್ಷಿಗೆ ಇವೆಲ್ಲ ಇವೆ. ಅಂತಹ ಊರಿನ ರೈತನೊಬ್ಬನು ಬೆಳಗಿನ ಜಾವ ನಡೆದ ಹೊಡೆದಾಟವೊಂದನ್ನು ಕಂಡನೆಂದು ಭಾವಿಸೋಣ. ಹೊಡೆದವನೂ ಅವನೂ ಒಂದೇ ಕೆರೆಯ ನೀರಿಗೆ ಬದುವು ಕಟ್ಟಿದವರು. ಒಂದೇ ಡೈರಿಗೆ ಹಾಲು ಹಾಕುವವರು. ಸಮನ್ಸು ಬಂದರೆ ಚನ್ನರಾಯಪಟ್ಟಣಕ್ಕೆ ಬಸ್ಸು ಹಿಡಿಯಬೇಕು. ಸೆಷನ್ಸ್ ವಿಚಾರಣೆಗೆ ಸುಮಾರು ೫೦ ಕಿಲೋಮೀಟರು ದೂರದ ಹಾಸನಕ್ಕೆ ಹೋಗಬೇಕಾಗಿಯೂ ಬರಬಹುದು. ಹೋದ ದಿನ ವಾಯಿದೆ ಬೀಳುತ್ತದೆ. ಹಿಂದಿರುಗುವ ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ಕುಳಿತವನು ಆರೋಪಿಯ ಭಾವಮೈದುನ. ಅವನು ಹೆದರಿಸಬೇಕಾದ ಅಗತ್ಯವೇ ಇಲ್ಲ; “ಏನಣ್ಣ, ನಿಮ್ಮ ಹುಡುಗ ಪಟ್ಟಣದ ಕಾಲೇಜಿಗೆ ಒಬ್ಬನೇ ಓಡಾಡ್ತಾನಂತೆ?” ಎಂದು ಕುಶಲ ಕೇಳಿದರೆ ಸಾಕು. ಯಾವ ಕಲಮಿನ ಕೆಳಗೆ ಈ ಕುಶಲಪ್ರಶ್ನೆಯನ್ನು ತರುವುದು?

ಈ ಭಯದ ಫಲ ಎಷ್ಟು ಘೋರವಾಗಬಲ್ಲುದೆಂಬುದಕ್ಕೆ ಕಂಬಾಲಪಲ್ಲಿಯ ಪ್ರಕರಣವನ್ನು ಕನ್ನಡಿಗರು ಮರೆಯುವಂತಿಲ್ಲ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲೂಕಿನ ಆ ಹಳ್ಳಿಯಲ್ಲಿ ೨೦೦೦ದ ಮಾರ್ಚ್ ೧೧ರಂದು ಏಳು ಮಂದಿ ದಲಿತರನ್ನು ಜೀವಸಹಿತ ಸುಡಲಾಯಿತು. ವಿಚಾರಣೆ ಬಂದಾಗ ಸಾಕ್ಷಿಗಳು ಒಬ್ಬರ ಹಿಂದೊಬ್ಬರಂತೆ ತಿರುಗಿಬಿದ್ದರು. ೨೦೦೬ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. ೨೦೧೪ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಏಳು ಜನ ಬೆಂದುಹೋದುದು ಸತ್ಯ. ಬೆಂಕಿ ಇಟ್ಟವರು ಇಂತಹವರೆಂದು ಕಾನೂನಿನ ಕಣ್ಣಿಗೆ ಕಾಣಲಿಲ್ಲ. ತಿರುಗಿಬಿದ್ದವರನ್ನು ಹಳಿಯುವುದು ಸುಲಭ. ಆದರೆ ಬಲವುಳ್ಳವರ ನೆರೆಯಲ್ಲೇ ಮರುದಿನವೂ ಬಾಳಬೇಕಾದವರಿಗೆ ಸರ್ಕಾರವು ಯಾವ ನೆರಳನ್ನು ಕೊಟ್ಟಿತ್ತೆಂದು ಮೊದಲು ಕೇಳಬೇಕಾಗುತ್ತದೆ.

ಹಾಸನ ಜಿಲ್ಲೆಯೂ ಇಂತಹ ಕಥೆಯನ್ನು ಹತ್ತಿರದಿಂದ ಕಂಡಿದೆ. ೨೦೨೪ರ ಮೇ ತಿಂಗಳಲ್ಲಿ, ಹೊಳೆನರಸೀಪುರದ ಶಾಸಕ ಎಚ್. ಡಿ. ರೇವಣ್ಣನವರನ್ನು, ಅವರ ಮಗ ಪ್ರಜ್ವಲ್ ರೇವಣ್ಣನ ವಿರುದ್ಧ ಮಾತನಾಡದಂತೆ ಮಹಿಳೆಯೊಬ್ಬರನ್ನು ಅಪಹರಿಸಲಾಯಿತೆಂಬ ದೂರಿನ ಮೇಲೆ ಬಂಧಿಸಲಾಯಿತು. ಅವರು ಆರೋಪವನ್ನು ಅಲ್ಲಗಳೆದರು. ಕೆಲವೇ ದಿನಗಳಲ್ಲಿ ಜಾಮೀನಿನ ಮೇಲೆ ಹೊರಬಂದರು. ಆ ಆರೋಪದ ಸತ್ಯಾಸತ್ಯವನ್ನು ಹೇಳುವ ಅಧಿಕಾರ ನ್ಯಾಯಾಲಯದ್ದೇ ಹೊರತು ಪತ್ರಿಕೆಯದಲ್ಲ. ಆದರೆ ಮುಂದಿನದು ದಾಖಲೆಯ ಮಾತು: ಮನೆಗೆಲಸಕ್ಕೆ ನಿಂತಿದ್ದ ಬಡ ಹೆಂಗಸೊಬ್ಬರು ಕಟಕಟೆಯಲ್ಲಿ ತಮ್ಮ ಮಾತಿನಿಂದ ಕದಲಲಿಲ್ಲ, ವೈಜ್ಞಾನಿಕ ಪರೀಕ್ಷೆಯ ಪುರಾವೆಗಳು ಆ ಮಾತಿಗೆ ಊರುಗೋಲಾದವು, ೨೦೨೫ರ ಆಗಸ್ಟ್ ೨ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಮಾಜಿ ಲೋಕಸಭಾ ಸದಸ್ಯನಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ದೂರಿನಿಂದ ತೀರ್ಪಿನವರೆಗೆ ಹಿಡಿದ ಕಾಲ ಒಂದೂವರೆ ವರ್ಷಕ್ಕೂ ಕಡಿಮೆ. ಕಂಬಾಲಪಲ್ಲಿಯಲ್ಲಿ ಮೊದಲ ತೀರ್ಪಿಗೇ ಆರು ವರ್ಷಗಳು ಬೇಕಾಗಿದ್ದವು. ಸಾಕ್ಷಿಯ ಮೇಲೆ ಒತ್ತಡ ಬೀಳುವುದು ಘಟನೆಗೂ ಹೇಳಿಕೆಗೂ ನಡುವಿನ ಅವಧಿಯಲ್ಲಿ. ಆ ಅವಧಿ ಹಿಗ್ಗಿದಷ್ಟೂ ಹೆದರಿಸುವವನಿಗೆ ಹಬ್ಬ.

ಜಾಮೀನಿನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಈಚೆಗೆ ತೋರಿದ ಕಾಠಿಣ್ಯವೂ ಗಮನಾರ್ಹ. ಧಾರವಾಡದ ಯೋಗೇಶ ಗೌಡರ ಕೊಲೆ ನಡೆದುದು ೨೦೧೬ರಲ್ಲಿ. ಅದರ ಆರೋಪಿಗಳಲ್ಲೊಬ್ಬರಾದ ಶಾಸಕ ವಿನಯ ಕುಲಕರ್ಣಿಯವರು ಸಾಕ್ಷಿಗಳನ್ನು ಸಂಪರ್ಕಿಸಲು ಯತ್ನಿಸಿದರೆಂಬ ಕಾರಣದಿಂದ ೨೦೨೫ರ ಜೂನ್ ೬ರಂದು ಅವರ ಜಾಮೀನು ರದ್ದಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಕೇರಳದ ಪ್ರಕರಣವೊಂದರ ತೀರ್ಪಿನಲ್ಲಿ ಇನ್ನೊಂದು ತೊಡಕೂ ಬಗೆಹರಿಯಿತು. ಬೆದರಿಕೆಗೊಳಗಾದ ಸಾಕ್ಷಿಯು ನ್ಯಾಯಾಲಯದ ಮೂಲಕವೇ ದೂರು ಕೊಡಿಸಬೇಕಾಗಿಲ್ಲ. ಪೊಲೀಸರು ನೇರವಾಗಿ ಮೊಕದ್ದಮೆ ದಾಖಲಿಸಬಹುದು ಎಂದು ತೀರ್ಮಾನವಾಯಿತು. ಹೀಗೆ ನೋಡಿದರೆ, ನಾಳೆ ಸಿಗಬಹುದಾದ ಹತ್ತು ವರ್ಷಗಳ ಶಿಕ್ಷೆಗಿಂತ ಇಂದೇ ಕಳೆದುಹೋಗುವ ಜಾಮೀನು ಬಲಾಢ್ಯನನ್ನು ಹೆಚ್ಚು ಬೆದರಿಸುತ್ತದೆ ಎನ್ನಬೇಕು.

ಹೊರನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ನಮ್ಮಲ್ಲಿ ಪಂಚರ, ಅಂದರೆ ಜ್ಯೂರಿಯ ಪದ್ಧತಿಯು ೧೯೫೯ರ ನಾನಾವತಿ ಮೊಕದ್ದಮೆಯಿಂದ ಅಪಖ್ಯಾತಿಗೊಳಗಾಗಿ, ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯೊಡನೆ ಕಣ್ಮರೆಯಾಯಿತು. ಅದರ ತವರಾದ ಇಂಗ್ಲೆಂಡಿನಲ್ಲಿ ಪಂಚರನ್ನು ಕೊಳ್ಳುವ ಅಪಾಯ ಕಂಡುಬಂದರೆ ನ್ಯಾಯಾಧೀಶನೊಬ್ಬನೇ ವಿಚಾರಣೆ ನಡೆಸಬಹುದೆಂದು ೨೦೦೩ರ ಶಾಸನ ಅವಕಾಶವಿತ್ತಿತು. ೨೦೧೦ರಲ್ಲಿ ಹಾಗೆಯೇ ಒಂದು ದರೋಡೆಯ ಮೊಕದ್ದಮೆ ನಡೆಯಿತು. ಅಮೆರಿಕವು ಸಾಕ್ಷಿಯನ್ನು ಬೆದರಿಸುವವನಿಗೆ ೨೦ ವರ್ಷಗಳವರೆಗೆ ಸೆರೆಯನ್ನು ಇಟ್ಟಿರುವುದು ನಿಜ. ಆದರೆ ೧೯೭೦ರ ಶಾಸನದ ಬಳಿಕ ಸಾಕ್ಷಿಗೆ ಹೊಸ ಹೆಸರು, ಹೊಸ ಊರು ಕೊಟ್ಟು ಕಾಯುವ ಏರ್ಪಾಡನ್ನೂ ಅದು ಮಾಡಿಕೊಂಡಿದೆ. ದಂಡ ಒಂದು ಕೈ, ರಕ್ಷಣೆ ಇನ್ನೊಂದು ಕೈ.

ನಮ್ಮಲ್ಲಿಯೂ ಆ ಎರಡನೆಯ ಕೈ ಕಾಗದದ ಮೇಲೆ ಹುಟ್ಟಿದೆ. ೨೦೧೮ರ ಡಿಸೆಂಬರ್ ೫ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿ ಸಂರಕ್ಷಣಾ ಯೋಜನೆಗೆ ಕಾನೂನಿನ ಬಲವನ್ನು ಕೊಟ್ಟಿತು. ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ. ಅರ್ಜಿ ಬಂದಾಗ ಐದು ಕೆಲಸದ ದಿನಗಳೊಳಗೆ ಪೊಲೀಸರಿಂದ ಅಪಾಯದ ವರದಿ. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಮೂರು ದರ್ಜೆಗಳು. ಖರ್ಚಿಗೆ ಪ್ರತ್ಯೇಕ ನಿಧಿ. ೨೦೨೩ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೯೮ನೆಯ ಕಲಮು ಇಂತಹ ಯೋಜನೆಯನ್ನು ಪ್ರತಿಯೊಂದು ರಾಜ್ಯಕ್ಕೂ ಕರ್ತವ್ಯವಾಗಿ ವಿಧಿಸಿತು. ದೊಡ್ಡ ಅಪರಾಧಗಳಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಮೊದಲೇ ಬರೆದುಕೊಳ್ಳಬೇಕೆಂದು ಅದರ ೧೮೩ನೆಯ ಕಲಮು ಹೇಳುತ್ತದೆ. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಹೋಬಳಿಯ ರೈತನಿಗೆ ಇಂತಹದೊಂದು ಅರ್ಜಿ ಉಂಟೆಂದು ತಿಳಿಸುವವರು ಯಾರು? ಸಮನ್ಸು ತಂದ ಪೇದೆಯು ಅದರೊಡನೆಯೇ ಈ ಹಕ್ಕನ್ನು ವಿವರಿಸುವ ಒಂದು ಹಾಳೆ ಕನ್ನಡವನ್ನೂ ಕೊಟ್ಟು ಹೋಗುವಂತಾದರೆ, ಶಿಕ್ಷೆಗೆ ಇನ್ನೂ ಮೂರು ವರ್ಷ ಸೇರಿಸುವುದಕ್ಕಿಂತ ಹೆಚ್ಚಿನ ಉಪಕಾರವಾದೀತು.

ಶಿಕ್ಷೆ ಹೆಚ್ಚಾಗಬಾರದೆಂದು ಇದರ ಅರ್ಥವಲ್ಲ. ಲಂಚ ಕೊಟ್ಟು ಸಾಕ್ಷಿಯನ್ನು ಕೊಳ್ಳುವವನು ಮೂಲ ಅಪರಾಧದ ಪಾಲುಗಾರನಂತೆಯೇ ದಂಡಿತನಾಗಲಿ. ಕಲ್ಯಾಣದ ಪಂಡಿತನು ವಿವರಿಸಿದ ಕೂಟಕೃತ್ತಿಗೆ ಇಂದಿನ ಕಾನೂನು ಇನ್ನೂ ಹೆಚ್ಚು ಕಟುವಾಗಲಿ. ಆದರೆ ತಡವಿಲ್ಲದ ವಿಚಾರಣೆ, ಮುರಿಯದ ಕಾವಲು, ಬೆದರಿಸಿದೊಡನೆ ಹೋಗುವ ಜಾಮೀನು—ಈ ಮೂರರ ಜೊತೆಗೂಡಿದಲ್ಲದೆ ದಂಡವೊಂದೇ ಫಲಿಸದು. ನಾಲ್ಕನೆಯದೊಂದು ಉಂಟು, ಅದನ್ನು ಯಾವ ಸಂಹಿತೆಯೂ ವಿಧಿಸಲಾರದು. ಸಾಕ್ಷಿ ಹೇಳಿ ಬಂದವನ ಮನೆಯ ಮದುವೆಗೆ ಊರು ಹೋಗಬೇಕು; ಅವನ ಹೊಲಕ್ಕೆ ಆಳುಗಳು ಬರಬೇಕು; ಅವನ ಮಗ ಕಾಲೇಜಿಗೆ ಹೊರಟಾಗ ಜೊತೆಗೆ ನಾಲ್ಕು ಹುಡುಗರು ಬಸ್ಸು ಹತ್ತಬೇಕು.